ಊರ್ಣನಾಭ ಶುಶ್ರೂಷೆ

ಶುಶ್ರೂಷಾ ಎಂಬ ಶಬ್ದವು ‘ಶ್ರು’ ಧಾತುವಿನಿಂದ ಹುಟ್ಟಿದುದು. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ. ಗುರುವಿನ ಬಾಯಿಂದ ಏನು ಹೊರಡುವುದೋ ಎಂದು ಕಿವಿಗೊಟ್ಟು ನಿಂತ ಶಿಷ್ಯನ ಭಾವಕ್ಕೆ ಮೊದಲು ಸಂದ ಈ ಮಾತು ಕಾಲಾಂತರದಲ್ಲಿ ಸೇವೆಗೂ, ಅಲ್ಲಿಂದ ರೋಗಿಯ ಆರೈಕೆಗೂ ಸಂದಿತು. ಪಾಠ ಹೇಳಿದ ಅಷ್ಟು ವರ್ಷಗಳಲ್ಲಿ ಈ ಸನ್ನಂತ ರೂಪವನ್ನು ಎಷ್ಟು ಮಂದಿ ಹುಡುಗರಿಂದ ಸಾಧಿಸಿ ಬರೆಯಿಸಿದೆನೋ ಲೆಕ್ಕವಿಲ್ಲ. ಕೇಳುವುದಕ್ಕೆ ಏನೂ ಇಲ್ಲದ ಕಡೆ, ನರಳಲು ಕಂಠವೇ ಇಲ್ಲದ ಪ್ರಾಣಿಯ ಬಳಿಯಲ್ಲಿ, ಶುಶ್ರೂಷೆಯು ಹೇಗೆ ನಡೆಯಬೇಕೆಂದು ಅವರಲ್ಲಿ ಯಾವನೂ ನನ್ನನ್ನು ಕೇಳಿದವನಲ್ಲ.

2023ನೆಯ ಇಸವಿ, ಶೋಭಕೃತ್ ಸಂವತ್ಸರದ ಶ್ರಾವಣದಲ್ಲಿ, ಅಮೆರಿಕಾ ದೇಶದ ಅರಿಜೋನಾ ಸಂಸ್ಥಾನದ ಫೀನಿಕ್ಸ್ ನಗರಕ್ಕೆ ಅಂಟಿದಂತಿರುವ ಚಾಂಡ್ಲರ್ ಪಟ್ಟಣದ ನನ್ನ ಮಗನ ಮನೆಯಲ್ಲಿ, ಹತ್ತೊಂಬತ್ತು ದಿನಗಳ ಕಾಲ ನಾನು ಒಂದು ಜೇಡರಹುಳುವಿನ ಆರೈಕೆ ಮಾಡಿದೆನು. ವಾಚಕ ಮಹಾಶಯರು ನಗಬಹುದು. ಅಡ್ಡಿಯಿಲ್ಲ, ಊರಿಗೆ ಹಿಂದಿರುಗಿದ ಮೇಲೆ ಅರಳಿಕಟ್ಟೆಯ ಸ್ನೇಹಿತರೂ ನಕ್ಕರು, ನಾನೂ ಅವರೊಡನೆ ನಕ್ಕೆನು.

ಆ ಜೇಡವು ನಮ್ಮ ಅಟ್ಟದ ಮೂಲೆಯಲ್ಲಿ ಬಲೆ ನೇಯುವ ಬಡಪ್ರಾಣಿಯಂಥದಲ್ಲ. ಅಂಗೈಯಗಲದ ಮೈ, ಮೈತುಂಬ ಕಂದುಬಣ್ಣದ ರೋಮ, ಬೆನ್ನಿನ ಚಿಪ್ಪಿನ ಮೇಲೆ ಬಿಸಿಲು ಬಿದ್ದಾಗ ಮಾತ್ರ ಕಾಣುವ ಒಂದು ಮಂದವಾದ ಗುಲಾಬಿ ಹೊಳಪು. ಇದರ ತವರು ದಕ್ಷಿಣ ಅಮೆರಿಕಾದ ಚಿಲಿ ದೇಶ. ಆಂಗ್ಲರು ಈ ಜಾತಿಯ ದೊಡ್ಡ ಜೇಡಗಳನ್ನೆಲ್ಲ ಟರಾಂಟುಲಾ ಎನ್ನುವರು. ಆ ಹೆಸರು ಇಟಲಿಯ ಟರಾಂಟೋ ಎಂಬ ಪಟ್ಟಣದಿಂದ ಬಂದುದು. ಅಲ್ಲಿ ಜೇಡ ಕಚ್ಚಿದವನು ವಿಷವಿಳಿಯುವವರೆಗೂ ಕುಣಿಯಬೇಕೆಂಬ ನಂಬಿಕೆಯಿತ್ತಂತೆ. ಆ ಊರಿನ ಜೇಡವು ಬೇರೆಯೇ ಒಂದು ಕುಲದ್ದು. ಹೊಸ ಖಂಡಕ್ಕೆ ಹೋದ ಯೂರೋಪಿನವರು ಅಲ್ಲಿ ಕಂಡ ರೋಮಶ ಜೇಡಗಳಿಗೂ ಅದೇ ಹೆಸರನ್ನಿಟ್ಟುಬಿಟ್ಟರು. ನಮ್ಮವರು ಮಾತ್ರ ಭಯದಲ್ಲಿ ಯಾರಿಗೂ ಕಡಿಮೆಯಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಹದಿನಾರು ಬಗೆಯ ಲೂತೆಗಳನ್ನು ಹೇಳಿದೆ. ಎಂಟರ ವಿಷವು ಕಷ್ಟಸಾಧ್ಯ, ಎಂಟರದು ಅಸಾಧ್ಯ. ವಿಶ್ವಾಮಿತ್ರನ ಮೇಲಣ ಕೋಪದಿಂದ ವಸಿಷ್ಠರ ಹಣೆಯಲ್ಲಿ ಬೆವರು ಮೂಡಿ, ಅದು ಕೊಯ್ದ ಹುಲ್ಲಿನ ಮೇಲೆ ಬಿದ್ದು, ಅದರಿಂದ ಲೂತೆಗಳು ಹುಟ್ಟಿದವೆಂದು ಅಲ್ಲಿಯೇ ಕಥೆಯೂ ಇದೆ. ಋಷಿಯ ಕೋಪದಿಂದ ಹುಟ್ಟಿತೆಂದು ಸುಶ್ರುತನು ಹೇಳುವ ಈ ಪ್ರಾಣಿಯನ್ನೇ ಮುಂಡಕೋಪನಿಷತ್ತು ಊರ್ಣನಾಭವೆಂದು ಕರೆದು, ಜಗತ್ತಿನ ಸೃಷ್ಟಿಗೆ ದೃಷ್ಟಾಂತವಾಗಿ ಎತ್ತಿಕೊಂಡಿತು. ಒಂದೇ ಹುಳುವಿಗೆ ಎರಡು ಮರ್ಯಾದೆ. ಚಿಲಿಯ ಈ ಜೇಡದ ವಿಷವೆಂದರೆ ಜೇನುನೊಣದ ಕುಟುಕಿನಷ್ಟು ಎಂದು ತಿಳಿದವರು ಹೇಳುವರು. ಕೆಣಕಿದರೆ ಹಿಂಗಾಲಿನಿಂದ ಹೊಟ್ಟೆಯ ಮೇಲಿನ ರೋಮವನ್ನು ಕೆದರಿ ತೂರುವುದು. ಅದು ಚರ್ಮಕ್ಕೆ ತಗುಲಿದರೆ ತುರಿಕೆಯೇಳುವುದು. ಅದರ ಯುದ್ಧವೆಲ್ಲ ಅಷ್ಟೆ.

ನನ್ನ ಮಗನು 2006ರಲ್ಲಿ ಓದುವುದಕ್ಕೆಂದು ಆ ದೇಶಕ್ಕೆ ಹೋದಾಗ, ಕೋಣೆಯಲ್ಲಿ ಜೊತೆಗಿದ್ದ ಹುಡುಗನೊಬ್ಬನು ಊರು ಬಿಡುವಾಗ ಗಾಜಿನ ಪೆಟ್ಟಿಗೆಯ ಸಮೇತ ಇದನ್ನು ಇವನಿಗೆ ಒಪ್ಪಿಸಿ ಹೋದನಂತೆ. ಆಗಲೇ ಅದು ಬೆಳೆದ ಹೆಣ್ಣು. ಈ ಜಾತಿಯ ಗಂಡುಗಳು ಕೆಲವೇ ವರ್ಷ ಬದುಕಿದರೆ ಹೆಣ್ಣುಗಳು ಇಪ್ಪತ್ತು ವರ್ಷವನ್ನೂ ದಾಟುವುದುಂಟು. ಗುಲಾಬಿಯ ಬಣ್ಣವೆಂದು ಹಿಂದಿನವನು ಅದಕ್ಕೆ ರೋಸಿ ಎಂದು ಹೆಸರಿಟ್ಟಿದ್ದನು. ಕನ್ನಡದಲ್ಲಿ ‘ರೋಸಿ’ ಎಂದರೆ ಬೇಸತ್ತು ಎಂದಾಗುವುದೆಂಬುದು ಅವನಿಗೆ ಹೇಗೆ ಗೊತ್ತಿರಬೇಕು? ಮಗನು ಇದನ್ನು ಮನೆಗೆ ತಿಳಿಸಿದ್ದು ಆರು ತಿಂಗಳಾದ ಮೇಲೆ. ನಾನು ದೂರವಾಣಿಯಲ್ಲಿಯೇ ಬೈದೆನು. ಅವನ ತಾಯಿಯು ನನ್ನ ಕೈಯಿಂದ ಅದನ್ನು ಕಸಿದುಕೊಂಡು, “ಒಬ್ಬನೇ ಇದ್ದೀಯಲ್ಲೋ ಅಂತಿದ್ದೆ, ಜೊತೆ ಆಯ್ತಲ್ಲ. ಅದಕ್ಕೆ ಊಟಕ್ಕೇನು ಹಾಕ್ತೀಯೋ?” ಎಂದು ಕೇಳಿದಳು. ವಾರಕ್ಕೆ ಎರಡು ಮಿಡತೆ, ಜೀವಂತ ಮಿಡತೆ, ಎಂದು ಅವನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದರ ಧರ್ಮ ಅದಕ್ಕೆ” ಎಂದಳು. ಹೀಗೆ ಈ ಹುಳುವು ಸೊಸೆಗಿಂತ ಮೊದಲು, ಮೊಮ್ಮಗನಿಗಿಂತ ಮೊದಲು ನಮ್ಮ ಕುಟುಂಬವನ್ನು ಸೇರಿತು. ಮಗನು ಕೆಲಸ ಹಿಡಿದು ಮೂರು ಮನೆ ಬದಲಾಯಿಸಿದಾಗಲೂ ಆ ಗಾಜಿನ ಪೆಟ್ಟಿಗೆಯು ಕಾರಿನ ಮುಂದಿನ ಪೀಠದಲ್ಲಿ ಪಟ್ಟಿ ಬಿಗಿಸಿಕೊಂಡು ಪ್ರಯಾಣ ಮಾಡಿತಂತೆ.

ಆ ವರ್ಷದ ಬೇಸಗೆಯನ್ನು ವರ್ಣಿಸಲಾರೆ. ಫೀನಿಕ್ಸಿನಲ್ಲಿ ಜೂನ್ 30ರಿಂದ ಜುಲೈ 30ರವರೆಗೆ ಎಡೆಬಿಡದೆ 31 ದಿನ ಹಗಲಿನ ಗರಿಷ್ಠ ಉಷ್ಣತೆಯು ನೂರ ಹತ್ತು ಡಿಗ್ರಿ ಫ್ಯಾರನ್‌ಹೀಟಿಗೆ, ನಮ್ಮ ಲೆಕ್ಕದಲ್ಲಿ ನಲವತ್ತಮೂರಕ್ಕೆ, ಇಳಿಯದೆ ನಿಂತಿತ್ತು. ಮನೆಯೊಳಗೆ ಯಂತ್ರದ ತಂಪು. ಆ ತಂಪು ಗಾಳಿಯ ಪಸೆಯನ್ನೆಲ್ಲ ಹೀರಿಕೊಳ್ಳುವುದು. ನನ್ನ ತುಟಿಯೇ ಒಡೆದಿತ್ತು. ರೋಸಿಯು ಏಪ್ರಿಲ್ಲಿನಿಂದಲೂ ಆಹಾರ ಮುಟ್ಟಿರಲಿಲ್ಲ. ಈ ಜಾತಿಯು ತಿಂಗಳುಗಟ್ಟಲೆ ಉಪವಾಸವಿರುವುದು ಸಾಮಾನ್ಯವಾದ್ದರಿಂದ ಮನೆಯವರು ಗಾಬರಿಗೊಳ್ಳಲಿಲ್ಲ. ಪೊರೆ ಬಿಡುವ ಕಾಲ ಬಂದಿತೆಂದು ಮೊಮ್ಮಗನು ಸಂತೋಷದಿಂದ ದಿನವೆಣಿಸುತ್ತಿದ್ದನು. ಹಳೆಯ ಪೊರೆಗಳನ್ನೆಲ್ಲ ಮಗನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿಯಿಟ್ಟು ಜೋಪಾನ ಮಾಡಿದ್ದನು. ಎಂಟು ಕಾಲು, ಹಲ್ಲು, ರೋಮ ಒಂದೂ ತಪ್ಪದೆ, ಒಳಗೆ ಪ್ರಾಣಿಯೊಂದಿಲ್ಲವೆಂಬುದನ್ನು ಬಿಟ್ಟರೆ ಜೇಡವೇ ಎನ್ನಬಹುದಾದ ಕವಚಗಳು. ಗೀತೆಯನ್ನು ಓದಿದವರಿಗೆ ಜೀರ್ಣವಸ್ತ್ರದ ಉಪಮೆ ಇಲ್ಲಿ ನೆನಪಾಗದೆ ಇರದು. ನನಗೂ ಆಯಿತು, ಹುಡುಗನಿಗೆ ಹೇಳಿಯೂ ಹೇಳಿದೆನು.

ಆಗಸ್ಟ್ 3ನೆಯ ತಾರೀಖು ಗುರುವಾರ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಅದು ಬಿಳಿಯ ನೂಲಿನ ಚಾಪೆ ಹಾಸಿಕೊಂಡು, ಎಂಟು ಕಾಲನ್ನೂ ಮೇಲೆತ್ತಿ ಅಂಗಾತ ಬಿದ್ದಿತ್ತು. ನಾನು ಕೂಗುವುದರೊಳಗಾಗಿ ಮೊಮ್ಮಗನು, “ತಾತ, ಹೆದರಬೇಡಿ. ಮೇಲೆ ಮುಖ ಮಾಡಿದ್ರೆ ಪೊರೆ ಬಿಡ್ತಿದೆ ಅಂತ. ಕಾಲು ಹೊಟ್ಟೆಯಡಿ ಮಡಚಿಕೊಂಡು ಬೋರಲು ಬಿದ್ರೆ ಆಗ ಹೆದರಬೇಕು” ಎಂದನು. ಹನ್ನೊಂದು ವರ್ಷದ ಬಾಲಕನಿಂದ ನನಗೆ ಉಪದೇಶ! ಅದರ ಕಾರಣವೂ ಚಮತ್ಕಾರವಾದುದು. ಜೇಡದ ಕಾಲಿನ ಮುಖ್ಯವಾದ ಎರಡು ಕೀಲುಗಳಲ್ಲಿ ಮಡಿಸುವ ಸ್ನಾಯುಗಳಿವೆಯೇ ಹೊರತು ಚಾಚುವ ಸ್ನಾಯುಗಳಿಲ್ಲ. ಮೈಯೊಳಗಿನ ದ್ರವವನ್ನು ಒತ್ತಿ ಕಾಲಿನೊಳಕ್ಕೆ ನುಗ್ಗಿಸಿ, ಆ ಒತ್ತಡದಿಂದ ಕಾಲನ್ನು ನೀಡುವುದು. ದ್ರವವು ಬತ್ತಿದರೆ ಕಾಲುಗಳು ತಾವಾಗಿ ಮಡಚಿಕೊಳ್ಳುವುವು. ನೀರೇ ಅದರ ನಡಿಗೆ, ನೀರೇ ಅದರ ನಿಲುವು.

ಸಂಜೆಯವರೆಗೆ ಬೆನ್ನಿನ ಚಿಪ್ಪು ಮುಚ್ಚಳದಂತೆ ತೆರೆದುಕೊಂಡಿತು. ಬಲಗಡೆಯ ಕಾಲುಗಳು ಕೈಗವಸಿನಿಂದ ಬೆರಳು ಬರುವಂತೆ ಮೆಲ್ಲಮೆಲ್ಲನೆ ಹೊರಬಂದವು. ಎಡಗಡೆಯ ಮೂರು ಕಾಲುಗಳು ಬರಲಿಲ್ಲ. ಬಟ್ಟೆಯೇ ಉಟ್ಟವಳನ್ನು ಹಿಡಿದುಕೊಂಡಿತು. ಗೀತೆಯಲ್ಲಿ ಈ ಸಂದರ್ಭಕ್ಕೆ ಉಪಮೆಯಿಲ್ಲ.

ರಾತ್ರಿ ಹನ್ನೊಂದರವರೆಗೆ ಕಾದು, ಮಗನು ಕೈತೊಳೆದು ಬಂದು ಕುಳಿತನು. ನಾನು ಭೂತಗನ್ನಡಿಯನ್ನೂ ದೀಪವನ್ನೂ ಹಿಡಿದೆನು. ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದ ಚಿತ್ರಕಾರರ ಸಣ್ಣ ಕುಂಚದಿಂದ ಒಣಗಿದ ಪೊರೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ನೆನೆಯಿಸಿ, ಚಿಮಟದಿಂದ ಬಿಡಿಸಬೇಕು. ಹೊಟ್ಟೆಯ ಅಡಿಭಾಗಕ್ಕೆ ನೀರು ತಾಗಕೂಡದು. ಪುಸ್ತಕದ ಹಾಳೆಗಳಂತೆ ಒತ್ತಾಗಿ ಜೋಡಿಸಿದ ಅದರ ಶ್ವಾಸಾಂಗಗಳು ಅಲ್ಲಿವೆ. ಹೊಸ ಮೈಯೋ ಬೆಣ್ಣೆಯಷ್ಟು ಮೃದು. ಎರಡು ಕಾಲು ಬಿಡಿಸುವಷ್ಟರಲ್ಲಿ ಎರಡು ಗಂಟೆಯಾಯಿತು. ಮೂರನೆಯದು ಬುಡದಲ್ಲಿಯೇ ತಿರುಚಿಹೋಗಿತ್ತು; ಅದನ್ನು ತೆಗೆಯದೆ ವಿಧಿಯಿರಲಿಲ್ಲ. ತೆಗೆದ ಕಡೆ ಒಂದು ಹನಿ ತಿಳಿನೀಲಿಯ ದ್ರವವು ಮೂಡಿತು. ನಮ್ಮ ರಕ್ತಕ್ಕೆ ಕಬ್ಬಿಣವು ಕೆಂಪನ್ನು ಕೊಟ್ಟಂತೆ ಅದರ ರಕ್ತಕ್ಕೆ ತಾಮ್ರವು ನೀಲಿಯನ್ನು ಕೊಡುವುದು. ಸೊಸೆಯು ಅಡುಗೆಮನೆಯಿಂದ ಕಾರ್ನ್‌ಫ್ಲೋರ್ ಹಿಟ್ಟನ್ನು ತಂದಳು. ಅದನ್ನು ಒತ್ತಿ ಸೋರುವುದನ್ನು ನಿಲ್ಲಿಸಿದೆವು. ನಮ್ಮ ಹಳ್ಳಿಗಳಲ್ಲಿ ಗಾಯದ ರಕ್ತ ನಿಲ್ಲಿಸಲು ಜೇಡನ ಬಲೆಯನ್ನು ಅಂಟಿಸುತ್ತಿದ್ದುದು ನನಗೆ ಜ್ಞಾಪಕಕ್ಕೆ ಬಂದಿತು. ಆ ಹಳೆಯ ಸಾಲದಲ್ಲಿ ಒಂದು ಚಿಟಿಕೆ ಅಂದು ಸಂದಿರಬಹುದು.

ದೀಪ ಹಿಡಿದಿದ್ದ ನಾನು ಹುಳುವಿಗಿಂತ ಹೆಚ್ಚಾಗಿ ನೋಡಿದ್ದು ಮಗನ ಕೈಗಳನ್ನು. ಅವನ ತಾಯಿಯು 2018ರಲ್ಲಿ ತೀರಿಕೊಂಡಳು. ಹನ್ನೊಂದು ತಿಂಗಳ ಕಾಯಿಲೆ. ಎರಡು ಬಾರಿ ಅವನು ಬಂದು ಹೋಗಿದ್ದನು, ಕೊನೆಗೆ ಬರುವಾಗ ಇನ್ನೂ ವಿಮಾನದಲ್ಲಿದ್ದನು. ಆ ಕೈಗಳಲ್ಲಿ ಇಂಥ ನಿಧಾನವೂ ಇಂಥ ನಯವೂ ಇದ್ದುದು ಅವಳಿಗೆ ಗೊತ್ತಿತ್ತೋ ಏನೋ. ಅಂದಿನವರೆಗೆ ನನಗೆ ಗೊತ್ತಿರಲಿಲ್ಲ.

ಮರುದಿನದಿಂದ ಹಗಲಿನ ಪಾರುಪತ್ಯ ನನ್ನದು. ಮಗ, ಸೊಸೆ ಕೆಲಸಕ್ಕೆ ಹೋಗುವರು; ಆ ಊರಿನಲ್ಲಿ ಜುಲೈಯಲ್ಲಿಯೇ ಶಾಲೆ ತೆರೆಯುವುದರಿಂದ ಹುಡುಗನೂ ಇಲ್ಲ. ಮನೆಯಲ್ಲಿ ನಾನು ಮತ್ತು ಅದು. ಪೆಟ್ಟಿಗೆಯ ತಳಕ್ಕೆ ಹಾಸಿದ್ದುದು ತೆಂಗಿನ ನಾರಿನ ಹುಡಿ. ಮುಚ್ಚಳ ತೆಗೆದರೆ ನಮ್ಮ ತೋಟದ ವಾಸನೆ. ಬೆಳಿಗ್ಗೆ ಒಂದು ಮೂಲೆಯ ಹುಡಿಯನ್ನು ನೆನೆಯಿಸಬೇಕು, ಎಲ್ಲವನ್ನೂ ನೆನೆಯಿಸಕೂಡದು. ತಟ್ಟೆಯಲ್ಲಿ ಬೆರಳುಗೆರೆಯಷ್ಟು ನೀರಿಟ್ಟು, ಅದರ ಬಾಯಿಯು ಅಂಚಿಗೆ ತಾಗುವಂತೆ ಮೈಯನ್ನು ಒಂದು ರಟ್ಟಿನ ಚೂರಿನ ಮೇಲೆ ಮೆಲ್ಲಗೆ ಸರಿಸಬೇಕು. ಹಿಂದೆ ಶಾಯಿ ತುಂಬುತ್ತಿದ್ದ ಫಿಲ್ಲರಿನಂಥದರಿಂದ ಗಂಟೆಗೊಂದು ಹನಿ. ಗಾಜನ್ನು ತಟ್ಟಕೂಡದು: ಅದಕ್ಕೆ ಎಂಟು ಕಣ್ಣಿದ್ದರೂ ದೃಷ್ಟಿ ಅಷ್ಟಕ್ಕಷ್ಟೆ, ಕಿವಿಯಿಲ್ಲ, ಆದರೆ ಕಾಲಿನ ರೋಮಗಳಿಂದಲೇ ನೆಲದ ಮತ್ತು ಗಾಳಿಯ ನಡುಕವನ್ನು ಅರಿಯುವುದು. ನಾನು ಕೆಮ್ಮಿದರೆ ಒಂದು ಕಾಲು ಅಲುಗುವುದು. ಆದ್ದರಿಂದ ಕೆಮ್ಮು ಬಂದಾಗ ಹೊರಗೆ ಹೋಗಿ ಕೆಮ್ಮಿ ಬರುವೆನು. ಹೊರಗಿನ ಬಿಸಿಲು ಬಾಣಲೆಯ ಹಬೆಯಂತೆ ಮುಖಕ್ಕೆ ಬಡಿಯುವುದು.

ಮೇಷ್ಟರಾದವನಿಗೆ ಹಾಜರಿ ಪುಸ್ತಕವಿಲ್ಲದೆ ನಡೆಯದು. ಒಂದು ನೋಟುಪುಸ್ತಕದಲ್ಲಿ ದಿನವೂ ಬರೆದಿಟ್ಟೆನು: ಇಷ್ಟು ಗಂಟೆಗೆ ಕಾಲು ಚಾಚಿತು, ಇಷ್ಟು ಗಂಟೆಗೆ ಮಡಚಿತು. ಹಾಲಿನಂತೆ ಬೆಳ್ಳಗಿದ್ದ ಹೊಸ ಹಲ್ಲುಗಳು ಕೆಂಪಗಾದ ದಿನ, ಕೆಂಪು ಹೋಗಿ ಕಪ್ಪಾದ ದಿನ. ಮನೆಯವರೆಲ್ಲ ರೋಸಿಯನ್ನು ‘ಅವಳು’ ಎನ್ನುವರು. ನಾನು ವ್ಯಾಕರಣಕ್ಕೆ ಕಟ್ಟುಬಿದ್ದು ‘ಅದು’ ಎಂದೇ ಬರೆಯುತ್ತ ಬಂದವನು. ಆರನೆಯ ದಿನ ಮಧ್ಯಾಹ್ನ ತಟ್ಟೆಯ ಅಂಚಿಗೆ ಬಾಯಿಟ್ಟು ಒಂದೂಮುಕ್ಕಾಲು ಗಂಟೆ ಕದಲದೆ ಇದ್ದು, ಆಮೇಲೆ ಏಳು ಕಾಲನ್ನೂ ನೀಡಿ ಮೈಯನ್ನು ನೆಲದಿಂದ ಎತ್ತಿತು. ಆ ದಿನದ ಬರಹವು ‘ನೀರು ಕುಡಿದಳು’ ಎಂದಿದೆ. ಮುಂದೆ ಎಲ್ಲಿಯೂ ನಪುಂಸಕಲಿಂಗವಿಲ್ಲ. ಊರ್ಣನಾಭ ಶಬ್ದವು ಪುಲ್ಲಿಂಗ, ಲೂತಾ ಶಬ್ದವು ಸ್ತ್ರೀಲಿಂಗ. ಸಂಸ್ಕೃತದಲ್ಲಾದರೆ ಸಮಾಧಾನ ಹೇಳಬಹುದು, ಕನ್ನಡದಲ್ಲಿ ಹೇಳಲಾರೆ.

ಆಹಾರದ ಮಾತು ಇದಕ್ಕಿಂತ ಕಠಿಣ. ಹಲ್ಲು ಗಟ್ಟಿಯಾದ ಮೇಲೆ ಮಿಡತೆಯನ್ನು ಅರೆದು ಬಾಯಿಯ ಬಳಿ ಇಡಬೇಕೆಂದು ಮಗನು ಹೇಳಿದನು. ಹುಟ್ಟಿದಂದಿನಿಂದ ಈ ಕೈ ಇರುವೆಯ ಸಾಲನ್ನೂ ದಾಟಿ ನಡೆದದ್ದು. ನಾನು ಅರೆದೆನು. ಶಿಬಿಚಕ್ರವರ್ತಿಯ ಕಥೆಯನ್ನು ಮಕ್ಕಳಿಗೆ ಅಭಿನಯಿಸಿ ಹೇಳುತ್ತಿದ್ದೆನಲ್ಲ. ಪಾರಿವಾಳಕ್ಕಾಗಿ ಅವನು ಗಿಡುಗನಿಗೆ ಕೊಟ್ಟದ್ದು ತನ್ನ ತೊಡೆಯ ಮಾಂಸ, ನಾನು ಕೊಟ್ಟದ್ದು ಡಬ್ಬಿಯಲ್ಲಿ ಕೊಂಡು ತಂದ ಪರರ ಪ್ರಾಣ. ಒಂದನ್ನು ಬದುಕಿಸುವ ಕರುಣೆಯೊಳಗೆ ಇನ್ನೊಂದರ ಲೆಕ್ಕ ಬರೆಯದೆ ಬಿಟ್ಟಿರುತ್ತದೆ. ಅವಳು ಅದನ್ನು ಮುಟ್ಟಲೂ ಇಲ್ಲ. ಪೊರೆ ಬಿಡುವಾಗ ಜೇಡಗಳು ಹೀರುವ ಜಠರದ ಒಳಪದರವನ್ನೂ ಕಳಚಬೇಕಾಗುವುದು. ಅದು ಒಳಗೇ ಉಳಿದರೆ ಮತ್ತೆ ಉಣ್ಣುವುದೆಂಬುದಿಲ್ಲ.

ಹನ್ನೆರಡನೆಯ ದಿನ ಪಶುವೈದ್ಯೆಯೊಬ್ಬರ ಬಳಿಗೆ ಕೊಂಡೊಯ್ದೆವು. ಹಾವು, ಗಿಳಿ, ಓತಿಗಳನ್ನು ನೋಡುವ ವೈದ್ಯೆ. ಬಹಳ ಹೊತ್ತು, ಗೌರವದಿಂದ ನೋಡಿದರು. ಜಠರವು ಕಟ್ಟಿರುವಂತೆ ತೋರುತ್ತದೆ, ಮಾಡುವುದಕ್ಕೆ ಹೆಚ್ಚೇನೂ ಇಲ್ಲ. ನೀರು ಕೊಟ್ಟು ಸುಮ್ಮನೆ ಬಿಡಬಹುದು, ಅಥವಾ ಅನಿಲವನ್ನು ಉಸಿರಾಡಿಸಿ ನಿದ್ರೆಯಲ್ಲಿಯೇ ಮುಗಿಸಬಹುದು ಎಂದರು. ಹಿಂದಿರುಗುವಾಗ ಮೊಮ್ಮಗನು ಮೊಣಕಾಲ ಮೇಲೆ ಪೆಟ್ಟಿಗೆಯಿಟ್ಟುಕೊಂಡು, “ತಾತ, ಅವಳಿಗೆ ನೋಯ್ತಿದೆಯಾ?” ಎಂದು ಕೇಳಿದನು. ವಿಜ್ಞಾನಿಗಳಲ್ಲಿ ಇದರ ವಿಷಯ ಒಮ್ಮತವಿಲ್ಲವಷ್ಟೆ. ನೋಯುತ್ತದೆಂದೇ ತಿಳಿದು ನಡೆಯೋಣ, ನೋಯದಿದ್ದರೆ ಯಾರಿಗೂ ನಷ್ಟವಿಲ್ಲ ಎಂದೆನು.

ಮಗನು ಗಾಡಿಯನ್ನು ರಸ್ತೆಯ ಬದಿಯಲ್ಲಿ ನಿಲ್ಲಿಸಿ, “ಅಣ್ಣ, ನೀವೇನು ಹೇಳ್ತೀರಿ?” ಎಂದನು. ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣನೆಂದೇ ಕರೆಯುವ ರೂಢಿ. 2018ರಲ್ಲಿ ಉಸಿರಾಟದ ಯಂತ್ರವನ್ನು ಹಾಕಬೇಕೆ ಬೇಡವೆ ಎಂದು ವೈದ್ಯರು ಕೇಳಿದಾಗ ಉತ್ತರ ಹೇಳಿದವನು ನಾನು. ಅವನು ಆಕಾಶದಲ್ಲಿದ್ದನು, ಕೇಳುವಂತಿರಲಿಲ್ಲ. ಆ ವಿಷಯವನ್ನು ನಾವಿಬ್ಬರೂ ಐದು ವರ್ಷ ಎತ್ತಿರಲಿಲ್ಲ. “ಹದಿನೇಳು ವರ್ಷ ನೋಡಿಕೊಂಡವನು ನೀನು. ನೀನು ಹೇಳು. ಯಾವುದು ಹೇಳಿದರೂ ನಾನು ಜೊತೆಗಿದ್ದೇನೆ” ಎಂದೆನು. ಅವನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಬಹಳ ಹೊತ್ತು ಕುಳಿತಿದ್ದು, “ನೀರು ಕುಡಿಯೋವರೆಗೂ ಇರಲಿ” ಎಂದನು. ಆಮೇಲೆ ಮೆಲ್ಲಗೆ, “ಅಮ್ಮನ ವಿಷಯದಲ್ಲಿ ನೀವು ಸರಿಯಾಗೇ ಹೇಳಿದ್ರಿ ಅಣ್ಣ” ಎಂದನು. ಗಾಡಿ ಹೊರಟಿತು.

ಸಾಕಿದವರನ್ನು ಈ ಪ್ರಾಣಿಯು ಗುರುತಿಸುವುದಿಲ್ಲ. ಕೈಮೇಲೆ ಶಾಂತವಾಗಿ ನಡೆದರೆ ಅದು ಪ್ರೀತಿಯಲ್ಲ. ಅದಕ್ಕೆ ಕೈಯೂ ಒಂದು ನೆಲ. ನಾಯಿಯ ಬಾಲ, ಹಸುವಿನ ನಾಲಗೆ, ಇಂಥ ಯಾವ ರಸೀತಿಯೂ ಇಲ್ಲಿಲ್ಲ. ಇದು ಮಗನಿಗೂ ಮೊಮ್ಮಗನಿಗೂ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಒಬ್ಬನು ರಾತ್ರಿ ಎರಡು ಗಂಟೆಗೆ ಏಳುವನು, ಇನ್ನೊಬ್ಬನು ಶಾಲೆಯಿಂದ ಬಂದವನೇ ಚೀಲವಿಳಿಸದೆ ಪೆಟ್ಟಿಗೆಯ ಬಳಿಗೆ ಹೋಗುವನು. ನನ್ನ ಹೆಂಡತಿಗೆ ಕೊನೆಯ ಮೂರು ವಾರ ನನ್ನ ಗುರುತಿರಲಿಲ್ಲ. ಆಗಲೂ ಗಂಟೆಗೊಂದು ಚಮಚೆ ನೀರು ಹಾಕುವ ಕೆಲಸವು ನಿಂತಿರಲಿಲ್ಲ. ಚಮಚೆಯನ್ನು ತುಟಿಗೆ ತಾಗಿಸಿ, ಅದು ಅಲುಗುವವರೆಗೆ ಕಾಯುವುದು. ಕಾಯುವ ಆ ಅಭ್ಯಾಸವು ಕೈಯಲ್ಲಿ ಉಳಿದಿತ್ತು. ಗಾಜಿನ ಪೆಟ್ಟಿಗೆಯ ಮುಂದೆ ಅದು ತಾನಾಗಿ ಮರಳಿ ಬಂದಿತು.

ಹದಿನೇಳನೆಯ ದಿನ ಅವಳು ನೀರನ್ನು ಬಿಟ್ಟಳು. ಕಾಲುಗಳು ಒಂದೊಂದಾಗಿ ಒಳಕ್ಕೆ ಮಡಚಿಕೊಳ್ಳತೊಡಗಿದವು. ಮಗನು ಸೋಮವಾರ ಮಧ್ಯಾಹ್ನಕ್ಕೆ ವೈದ್ಯೆಯಲ್ಲಿ ಹೊತ್ತು ಗೊತ್ತುಮಾಡಿದನು. ಆ ಸೋಮವಾರ ಆಗಸ್ಟ್ 21, ನಾಗರಪಂಚಮಿ. ಬೆಳಿಗ್ಗೆ ಸೊಸೆಯು ತಂಬಿಟ್ಟು ಮಾಡಿ, ಬೆಳ್ಳಿಯ ನಾಗಪ್ಪನಿಗೆ ಹಾಲೆರೆದು, ಆರತಿಯ ತಟ್ಟೆಯೊಡನೆ ಪೆಟ್ಟಿಗೆಯ ಕಡೆಗೂ ಹೋದವಳು ಅಲ್ಲಿಯೇ ನಿಂತು, “ಮಾವ, ಸ್ವಲ್ಪ ಬನ್ನಿ” ಎಂದು ಕರೆದಳು.

ಜೇಡವು ಸತ್ತಿತೆಂದು ತಿಳಿಯುವುದು ಸುಲಭವಲ್ಲ. ಎದೆಯೇರಿಳಿತವಿಲ್ಲ, ಮುಚ್ಚುವ ಕಣ್ಣಿಲ್ಲ. ಎರಡು ದಿನ ಹಾಗೆಯೇ ಇಟ್ಟಿದ್ದೆವು. ಹುಡುಗನು ಆ ಎರಡು ದಿನವೂ ತಟ್ಟೆಯ ನೀರನ್ನು ಬದಲಾಯಿಸಿದನು. ಬುಧವಾರ ಸಂಜೆ ಹಿತ್ತಿಲ ಪಾಲೋವರ್ಡೆ ಮರದಡಿ ಹೂಳಿದೆವು. ಕಾಂಡವೂ ಹಸುರಾಗಿರುವ ಮರುಭೂಮಿಯ ಮರ ಅದು. ಬಿಸಿಲಿಗೆ ಕಲ್ಲಾದ ನೆಲವನ್ನು ಅಗೆಯಲು ತಂದೆ ಮಕ್ಕಳಿಗೆ ಅರ್ಧ ಗಂಟೆ ಹಿಡಿಯಿತು. ಮಂತ್ರವೇನಾದರೂ ಹೇಳಿ ತಾತ ಎಂದು ಹುಡುಗನು ಕೇಳಿದನು. ಇದಕ್ಕೆ ವಿಹಿತವಾದುದು ಯಾವುದೂ ನಾನು ಕಲಿತುದರಲ್ಲಿಲ್ಲ. ಅವಳ ತಟ್ಟೆಯಲ್ಲಿ ಉಳಿದಿದ್ದ ನೀರನ್ನು ಮಣ್ಣಿನ ಮೇಲೆ ಸುರಿದೆನು. ಮಣ್ಣು ಅದನ್ನು ಕ್ಷಣದಲ್ಲಿ ಹೀರಿತು.

ಮಗನು ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ. ನಾಯಿ ಸತ್ತರೆ ಹೇಳಬಹುದು. ಅದಕ್ಕೆ ಅಲ್ಲಿ ಸಂತಾಪಪತ್ರಗಳನ್ನೇ ಅಚ್ಚುಹಾಕಿ ಮಾರುವರು. ಜೇಡಕ್ಕೆ ಅತ್ತವನು ಒಂಟಿ. ಒಂದು ರಾತ್ರಿ ಅವನೇ ಒಂದು ವೃತ್ತಾಂತವನ್ನು ಓದಿ ಹೇಳಿದನು. ಆಸ್ಟ್ರೇಲಿಯಾದ ಪಶ್ಚಿಮ ಭಾಗದಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ವಿದುಷಿಯು 1974ರಲ್ಲಿ ಬಿಲದ ಜೇಡಗಳನ್ನು ಗುರುತುಮಾಡಿ ನೋಡತೊಡಗಿದರು. ಅವುಗಳಲ್ಲಿ ಹದಿನಾರನೆಯದೆಂದು ಎಣಿಸಿದ ಹೆಣ್ಣು ಒಂದೇ ಬಿಲದಲ್ಲಿ 43 ವರ್ಷ ಬದುಕಿ, 2016ರಲ್ಲಿ ಇಲ್ಲವಾಯಿತು. ಬಿಲದ ಮುಚ್ಚಳವನ್ನು ಕಣಜವೊಂದು ಕೊರೆದಿತ್ತು. ಒಬ್ಬಾಕೆ ನಡುವಯಸ್ಸಿನಿಂದ ಮುಪ್ಪಿನವರೆಗೆ ಹೋಗಿ ಹೋಗಿ ಬಗ್ಗಿ ನೋಡಿದ ಬಿಲ. ಕೇಳುತ್ತಿದ್ದ ಮೊಮ್ಮಗನು ಅಂದೇ ಮೊದಲು ಬಿಕ್ಕಿಬಿಕ್ಕಿ ಅತ್ತನು. ಯಾರೂ ಅವನನ್ನು ತಡೆಯಲಿಲ್ಲ. ಆ ಕೊನೆಯ ಪೊರೆಯನ್ನು, ಮೂರು ಕಾಲಿನ ಕಡೆ ಹರಿದುಹೋದುದನ್ನು, ಡಬ್ಬಿಯಲ್ಲಿ ಉಳಿದವುಗಳ ಜೊತೆಗೆ ಇಡಬೇಕೆ ಬೇಡವೆ ಎಂದು ಮನೆಯಲ್ಲಿ ಚರ್ಚೆಯಾಗಿ, ಇಡುವುದೆಂದೇ ಆಯಿತು.

ಉಳಿದದ್ದು ಮಿಡತೆಯ ಡಬ್ಬಿ. ಅದರಲ್ಲಿ ಹದಿನಾಲ್ಕು ಇದ್ದುವು. ಅಂಗಡಿಗೆ ಹಿಂದಿರುಗಿಸುವಂತಿಲ್ಲ, ಬಿಸಿಲಿಗೆ ಬಿಡುವಂತಿಲ್ಲ. ಇಷ್ಟು ವರ್ಷವೂ ಅವುಗಳ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುತ್ತಿದ್ದ ಸೊಸೆಯು ಅಡುಗೆ ಮಾಡುವಾಗ ಗಜ್ಜರಿಯ ಒಂದು ಚೂರನ್ನು ತೆಗೆದಿಟ್ಟು ಡಬ್ಬಿಗೆ ಹಾಕತೊಡಗಿದಳು. ಗಂಡುಗಳು ರಾತ್ರಿಯೆಲ್ಲ ಕಿರುಗುಟ್ಟುವುವು. ನಾನು ಅಕ್ಟೋಬರಿನಲ್ಲಿ ಹೊರಟ ದಿನ ಅವುಗಳಲ್ಲಿ ಎರಡು ಇನ್ನೂ ಇದ್ದುವು.